ಲಾಡ್ಜ್ ಊಟ, ಬಸ್ ಪ್ರಯಾಣದ ಮಧ್ಯೆ ತೂಕ ಹಿಡಿತದಲ್ಲಿ ಇಟ್ಟುಕೊಂಡವರು ಇದ್ದೀರಾ? ಅನುಭವ ಹೇಳಿ

ಬ್ಯಾಗ್ ಹೊತ್ತ ರೆಪ್, ದಾವಣಗೆರೆ

ನಮಸ್ಕಾರ. ನಾನು ಔಷಧ ಕಂಪನಿಯ ರೆಪ್, ಅಂದ್ರೆ ಡಾಕ್ಟ್ರ ಹತ್ತಿರ ಹೋಗಿ ಕಂಪನಿ ಔಷಧ ಪರಿಚಯಿಸೋ ಪ್ರತಿನಿಧಿ. ಹೆಡ್‌ಕ್ವಾರ್ಟರ್ ದಾವಣಗೆರೆ, ಆದರೆ ಅರ್ಧ ವಾರ ಹೊರಗೇ. ಜಗಳೂರು, ಚಳ್ಳಕೆರೆ, ಹಿರಿಯೂರು, ಹೊಸದುರ್ಗ. ತಿಂಗಳಿಗೊಮ್ಮೆ ಬೆಂಗಳೂರಲ್ಲಿ ಮೀಟಿಂಗ್, ಅಲ್ಲಿ ಬಫೆ. ಕಷ್ಟಪಟ್ಟು 91ರಿಂದ 84 ಕೆ.ಜಿ.ಗೆ ಇಳಿದಿದ್ದೆ. ಈಗ ಮತ್ತೆ 88. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ರಕ್ತ ಪರೀಕ್ಷೆ) 6.1 ಬಂದಿದೆ, ಸಕ್ಕರೆ ಕಾಯಿಲೆಯ ಅಂಚು. ಡಾಕ್ಟ್ರು ಮಾತ್ರೆ ಕೊಟ್ಟಿಲ್ಲ, ಮೂರು ತಿಂಗಳು ಬಿಟ್ಟು ನೋಡೋಣ ಅಂದಿದ್ದಾರೆ. ಊರಲ್ಲಿದ್ದರೆ ತೊಂದರೆ ಇಲ್ಲ, ಬೆಳಿಗ್ಗೆ ಕುಂದುವಾಡ ಕೆರೆ ವಾಕಿಂಗ್ ತಪ್ಪಿಸಲ್ಲ. ಲಾಡ್ಜ್ ಹತ್ತಿದರೆ ಎಲ್ಲ ಹಾಳು.

ದಯವಿಟ್ಟು ಗಮನಿಸಿ: ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ತಿನ್ನಲ್ಲ. ಎಡ ಮಂಡಿ ನೋವಿದೆ, ಮೆಟ್ಟಿಲು ಹತ್ತಬಾರದು ಅಂದಿದ್ದಾರೆ. ಲಾಡ್ಜ್‌ನಲ್ಲಿ ಫ್ರಿಜ್ ಇರಲ್ಲ. ಕಂಪನಿ ಕೊಡೋ ಡಿ.ಎ. (ದಿನದ ಭತ್ಯೆ) ಒಳಗೇ ಎಲ್ಲ ಮುಗಿಯಬೇಕು.

ಹೈವೇ ನಲವತ್ತೆಂಟು

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಮೊಟ್ಟೆ ಬೇಯಿಸ್ಕೊಳ್ಳಿ, ಮುಗೀತು. ನಮ್ಮದು ಲಾರಿ. ಇಲ್ಲಿಂದ ಮೆಕ್ಕೆಜೋಳ ತುಂಬಿಕೊಂಡು ನಾಮಕ್ಕಲ್ ಕಡೆ ಕೋಳಿ ಫಾರಂಗಳಿಗೆ ಹೋಗ್ತೀನಿ. ಮೊದಲು ಡಾಬಾ ಊಟವೇ ಗತಿ. ಬಟರ್ ರೋಟಿ ಎರಡು, ದಾಲ್ ಫ್ರೈ, ಒಂದು ಆಮ್ಲೆಟ್, ಮಜ್ಜಿಗೆ, ₹240. ರಾತ್ರಿಗೂ ಅದೇ. ಹೊಟ್ಟೆ ಸ್ಟೇರಿಂಗ್‌ಗೆ ತಾಗೋಕೆ ಶುರುವಾಯ್ತು. ಕ್ಲೀನರ್ ಹುಡುಗ ನಗ್ತಿದ್ದ.

ಆಮೇಲೆ ₹749 ಕೊಟ್ಟು ಸಣ್ಣ ಕೆಟಲ್ ತಗೊಂಡೆ. ಒಂದು ಮೊಟ್ಟೆಯಲ್ಲಿ ಹತ್ತಿರಹತ್ತಿರ 6 ಗ್ರಾಂ ಪ್ರೋಟೀನ್. ನಾಲ್ಕು ಮೊಟ್ಟೆ, ಎರಡು ಸೌತೆಕಾಯಿ, ₹50ಕ್ಕೆ ಊಟ ಆಯ್ತು. ಕೆಟಲ್ ಕಾಯಿಲ್ ಸುಟ್ಟುಹೋಯ್ತು, ಅದು ಬೇರೆ ಮಾತು. ವಾರಂಟಿ ಕೇಳಿದರೆ "ಇದರಲ್ಲಿ ನೀರು ಮಾತ್ರ ಕಾಯಿಸಬೇಕು" ಅಂದ. ಮೊಟ್ಟೆ ಬೇಯೋದು ನೀರಲ್ಲಿ ತಾನೇ? ಕೇಳಲಿಲ್ಲ. ರಿಪೇರಿಗೆ ₹350. ಒಂದೇ ತಿಂಗಳಿಗೆ ಮತ್ತೆ ಕೆಟ್ಟಿತು. ಕೊನೆಗೆ ಸ್ಟೀಲಿಂದು ತಗೊಂಡೆ, ₹1,150. ಎಲ್ಲ ಸೇರಿ ₹2,249. ಆದರೂ ಡಾಬಾ ಲೆಕ್ಕಕ್ಕೆ ಹೋಲಿಸಿದರೆ ವಾರದಲ್ಲೇ ದುಡ್ಡು ವಾಪಸ್. ಬೆಲ್ಟ್‌ಗೆ ಎರಡು ತೂತು ಹೊಸದಾಗಿ ಹಾಕಿಸಿದೀನಿ, ಒಳಗಡೆಗೆ.

ಪಿ.ಜೆ. ಬಡಾವಣೆ ಅಕ್ಕ

ಅಣ್ಣಾರೆ, ಅವರು ಮೊಟ್ಟೆಯೂ ತಿನ್ನಲ್ಲ ಅಂತ ಬರೆದಿದ್ದಾರಲ್ಲ. ಓದಿ ಉತ್ತರ ಕೊಡಿ.

ನನ್ನ ಮಾತು ಹೇಳ್ತೀನಿ. ನಾವು ಪಂಢರಪುರ, ತುಳಜಾಪುರ, ಶಿರಡಿ ಅಂತ ಟೂರ್ ಹೋಗಿದ್ವಿ. ತಲೆಗೆ ₹6,800, ಊಟ ತಿಂಡಿ ಸೇರಿ. ಆ ಊಟ ಏನಪ್ಪಾ ಅಂದ್ರೆ ಬೆಳಿಗ್ಗೆ ಪೂರಿ, ಮಧ್ಯಾಹ್ನ ಅನ್ನದ ಗುಡ್ಡೆ, ರಾತ್ರಿ ಮತ್ತೆ ಪೂರಿ, ಜೊತೆಗೆ ಜಿಲೇಬಿ. ಸಂಜೆ ಬಸ್ಸಲ್ಲಿ ಖಾರ. ನಾನು ಮುಟ್ಟಲಿಲ್ಲ. ಮನೆಯಿಂದಲೇ ಖಡಕ್ ರೊಟ್ಟಿ, ಗುರೆಳ್ಳು ಪುಡಿ, ಶೇಂಗಾ ಪುಡಿ ಕಟ್ಟಿಕೊಂಡಿದ್ದೆ. ಖಡಕ್ ರೊಟ್ಟಿಯಲ್ಲಿ ನೀರಿನ ಪಸೆಯೇ ಇರಲ್ಲ, ಗಾಳಿ ಆಡದ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡಲ್ಲ. ಊಟ ಮಾಡಿಲ್ಲವಲ್ಲ, ಊಟದ ದುಡ್ಡು ಕಳೆದುಕೊಳ್ಳಿ ಅಂದ್ರೆ ಟೂರಿನವನು "ಪ್ಯಾಕೇಜ್ ಅಮ್ಮಾ" ಅಂದ. ಒಂದು ರೂಪಾಯಿ ಬಿಡಲಿಲ್ಲ. ನಮ್ಮ ನಾದಿನಿ ಎಲ್ಲರೆದುರು "ಅತ್ತಿಗೆಗೆ ಪ್ರಸಾದಕ್ಕೂ ಕ್ಯಾಲರಿ ಲೆಕ್ಕ" ಅಂದಳು. ಆ ಮಾತು ಇನ್ನೂ ಮರೆತಿಲ್ಲ.

ಹೆಸರುಕಾಳು ಮೊಳಕೆ ಮಾತ್ರ ಬಿಸಿಲುಗಾಲದಲ್ಲಿ ಕಟ್ಟಬೇಡಿ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದು ಮಧ್ಯಾಹ್ನಕ್ಕೆ ಹುಳಿ ವಾಸನೆ. ಮೊಸರಿನ ಡಬ್ಬಿ ಸೊಲ್ಲಾಪುರದ ಹತ್ತಿರ ಬಗ್ಗಿ ಇಳಕಲ್ ಸೀರೆ ಮೇಲೆ. ಡ್ರೈ ವಾಷ್ ₹280.

ವೀಕೆಂಡ್ ವಂದೇ ಭಾರತ್

ರೊಟ್ಟಿ, ಪುಡಿ ಎಲ್ಲ ಸರಿ ಅಕ್ಕ, ಪ್ರೋಟೀನ್ ಎಲ್ಲಿದೆ? ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳೋದು ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ. 88 ಕೆ.ಜಿ.ಗೆ 73 ಗ್ರಾಂ ಆಗುತ್ತೆ. ಪುಡಿ ನೆಕ್ಕಿದರೆ ಬರಲ್ಲ.

ನಾನು ಬೆಂಗಳೂರಲ್ಲಿ ಕೆಲಸ, ವಾರಾಂತ್ಯ ದಾವಣಗೆರೆ. ವಂದೇ ಭಾರತ್ ಟಿಕೆಟ್ ತಗೊಳ್ಳುವಾಗಲೇ ಊಟ ಬೇಡ ಅಂತ ಒತ್ತಬಹುದು, ದರವೂ ಕಡಿಮೆ ಆಗುತ್ತೆ. ಬ್ಯಾಗಲ್ಲಿ ವ್ಹೇ ಪುಡಿ (ಹಾಲಿನಿಂದ ತೆಗೆದ ಪ್ರೋಟೀನ್) ಇರುತ್ತೆ, ಕೆ.ಜಿ.ಗೆ ₹2,900. ನನಗೆ ಹೊಡೆತ ಬಿದ್ದಿದ್ದು ಜಿಮ್‌ನಲ್ಲಿ. ಎರಡೂ ಊರಲ್ಲಿ ನಡೆಯುತ್ತೆ ಅಂತ ವರ್ಷದ ಪಾಸ್ ₹14,999 ಕಟ್ಟಿಸಿಕೊಂಡರು. ಟ್ರೈನರ್‌ಗೆ ಬೇರೆ ₹6,000. ನಾಲ್ಕು ತಿಂಗಳಿಗೆ ದಾವಣಗೆರೆ ಬ್ರಾಂಚ್ ಶಟರ್ ಎಳೆದರು. ರೀಫಂಡ್ ಕೇಳಿದರೆ ಬೆಂಗಳೂರಲ್ಲಿ ಇದೆಯಲ್ಲ ಅಂತಾರೆ. ಈಗ ₹650ರ ರಬ್ಬರ್ ಬ್ಯಾಂಡ್ ಒಂದೇ. ಬಾಗಿಲಿನ ಹಿಡಿಗೆ ಸಿಕ್ಕಿಸಿ ಎಳೆಯೋದು.

16 ಗಂಟೆ ಉಪವಾಸ ಮಾಡಿ, ಪ್ರಯಾಣದ ಅರ್ಧ ಸಮಸ್ಯೆ ಹೋಗುತ್ತೆ. ಹೋಟೆಲ್ ರೂಮಲ್ಲಿ ಕೆಟಲ್ ಇಟ್ಟೇ ಇರ್ತಾರೆ, ನಾನೂ ಅದರಲ್ಲೇ ಮೊಟ್ಟೆ ಬೇಯಿಸ್ತೀನಿ. ಇನ್ನು ದಾವಣಗೆರೆಗೆ ಇಳಿದ ಕೂಡಲೇ ಗೆಳೆಯರು ಮಂಡಕ್ಕಿ ಮಿರ್ಚಿಗೆ ಎಳೀತಾರೆ. ಮಂಡಕ್ಕಿ ಅಂದ್ರೆ ಗಾಳಿ ತುಂಬಿದ ಅಕ್ಕಿ, ಅಷ್ಟೇ. ಡಯಟ್ ತಿಂಡಿ ಅಂತ ಹೇಳೋರನ್ನು ನಂಬಬೇಡಿ.

ಭಟ್ಟಿ ಹುಡುಗ

ಗಾಳಿ ತುಂಬಿದ ಅಕ್ಕಿನಾ? ನಮ್ಮ ಮನೆ ಮಂಡಕ್ಕಿ ಭಟ್ಟಿಯಿಂದಲೇ ನಡೆಯೋದು. ಮಂಡಕ್ಕಿ ಎಣ್ಣೆ ಮುಖವನ್ನೇ ನೋಡಲ್ಲ ಸರ್. ಕಾದ ಮರಳಲ್ಲಿ ಅರಳಿಸ್ತೀವಿ. ಬೆಳಿಗ್ಗೆ ಮೂರಕ್ಕೆ ಒಲೆ ಮುಂದೆ ನಿಂತು ನೋಡಿ, ನಿಮ್ಮ ರಬ್ಬರ್ ಬ್ಯಾಂಡ್ ಬೇಕಾಗಲ್ಲ. ತಿನ್ನೋದು ನೀವು ಮಿರ್ಚಿ, ಬೈಯೋದು ಮಂಡಕ್ಕಿಗೆ.

ವೀಕೆಂಡ್ ವಂದೇ ಭಾರತ್

ಎಣ್ಣೆ ಮಾತು ನಾನು ಆಡಿಲ್ಲ. ಬರೀ ಅಕ್ಕಿ, ಪ್ರೋಟೀನ್ ಕಡಿಮೆ ಅನ್ನೋ ಅರ್ಥದಲ್ಲಿ ಅಂದೆ. ಎರಡಕ್ಕೂ ವ್ಯತ್ಯಾಸ ಇದೆ.

ಮೆಡಿಕಲ್ ಸ್ಟೋರ್, ಚಿತ್ರದುರ್ಗ

ಇಬ್ಬರದೂ ಅರ್ಧ ಸರಿ. ಎಣ್ಣೆ ಇಲ್ಲ, ಒಪ್ಪಿದೆ. ಆದರೆ ಬರೀ ಮಂಡಕ್ಕಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತೆ. ತಿನ್ನಲೇಬೇಕು ಅಂದ್ರೆ ಒಂದು ಹಿಡಿ ಸಾಕು. ಅದಕ್ಕೆ ಈರುಳ್ಳಿ, ಸೌತೆಕಾಯಿ, ಹುರಿಗಡಲೆ ಜಾಸ್ತಿ ಹಾಕಿಸಿ.

ನನಗೆ ಸಿಟ್ಟು ಬಂದಿದ್ದು ಆ 16 ಗಂಟೆ ಉಪವಾಸದ ಮಾತಿಗೆ. ನಾನು ಸಕ್ಕರೆ ಕಾಯಿಲೆಯವನು, ಸಕ್ಕರೆ ಇಳಿಸೋ ಗ್ಲಿಮಿಪಿರೈಡ್ ಮಾತ್ರೆ ತಗೊಳ್ತೀನಿ. ಆನ್‌ಲೈನ್‌ನಲ್ಲಿ ಒಬ್ಬ ಕೋಚ್ ₹4,500 ತಗೊಂಡು ಇದೇ ಉಪವಾಸ ಹೇಳಿಕೊಟ್ಟ. ಯಾವ ಮಾತ್ರೆ ತಗೊಳ್ತೀರಿ ಅಂತ ಒಂದು ಮಾತು ಕೇಳಲಿಲ್ಲ. ಬೆಂಗಳೂರಿಗೆ ಹೊರಟಿದ್ದೆ. ಹಿರಿಯೂರು ದಾಟಿದ ಮೇಲೆ ಬಸ್ ಕೆಟ್ಟಿತು. ಬದಲಿ ಬಸ್ ಬರೋ ಹೊತ್ತಿಗೆ ಕೈ ನಡುಗ್ತಿದೆ, ಅಂಗಿ ಬೆನ್ನಿಗೆ ಅಂಟಿದೆ, ಮೊಬೈಲ್ ಪರದೆ ಮೇಲಿನ ಅಕ್ಷರ ಎರಡೆರಡಾಗಿ ಕಾಣ್ತಿದೆ. ಬ್ಯಾಗಲ್ಲಿ ಮೀಟರ್ ಇತ್ತು, ಚುಚ್ಚಿ ನೋಡಿದರೆ 54. ಪಕ್ಕದ ಸೀಟಿನ ಅಜ್ಜಿ ಮೊಮ್ಮಗನಿಗೆ ಅಂತ ಇಟ್ಟುಕೊಂಡಿದ್ದ ಜ್ಯೂಸ್ ಪ್ಯಾಕೆಟ್ ಬಾಯಿಗಿಟ್ಟರು.

70ಕ್ಕಿಂತ ಕೆಳಗೆ ಬಂದರೆ 15 ಗ್ರಾಂ ಗ್ಲೂಕೋಸ್ ಅಥವಾ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಆಗಲೂ ಕಡಿಮೆ ಇದ್ದರೆ ಮತ್ತೊಮ್ಮೆ. ಬಿಸ್ಕತ್ತು, ಶೇಂಗಾ ಆ ಹೊತ್ತಿಗೆ ಬೇಡ, ಕೊಬ್ಬು ಇರೋದರಿಂದ ಸಕ್ಕರೆ ಏರೋದು ನಿಧಾನ. ಮೆಟ್‌ಫಾರ್ಮಿನ್ ಒಂದೇ ತಗೊಳ್ಳೋರಿಗೆ ಹೀಗಾಗೋದು ಅಪರೂಪ. ಇನ್ಸುಲಿನ್, ಗ್ಲಿಮಿಪಿರೈಡ್ ತಗೊಳ್ಳೋರು ಡಾಕ್ಟ್ರನ್ನು ಕೇಳದೆ ಉಪವಾಸ ಮಾಡಬಾರದು. ಸುಮ್ನೆ ಬಂದು ಎಲ್ಲರಿಗೂ ಒಂದೇ ಮಾತು ಹೇಳಿ ಹೋಗಬೇಡಿ ತಮ್ಮಾ.

ವೀಕೆಂಡ್ ವಂದೇ ಭಾರತ್

ಅವರು ಮಾತ್ರೆ ತಗೊಳ್ತಿಲ್ಲ ಅಂತ ಮೇಲೇ ಬರೆದಿದ್ದಾರೆ ಸರ್. ನಾನು ಓದಿಯೇ ಹೇಳಿದ್ದು.

ಮೆಡಿಕಲ್ ಸ್ಟೋರ್, ಚಿತ್ರದುರ್ಗ

ಓದೋರು ಅವರೊಬ್ಬರೇ ಅಲ್ವಲ್ಲ. ಮಾತ್ರೆ ತಗೊಳ್ಳೋರು ಇಲ್ಲಿ ಎಷ್ಟು ಜನ ಇದ್ದಾರೋ.

ಪಿ.ಜೆ. ಬಡಾವಣೆ ಅಕ್ಕ

ಸ್ವಲ್ಪ ನಿಲ್ಲಿ. ಹೋಟೆಲ್ ಕೆಟಲ್‌ನಲ್ಲಿ ಮೊಟ್ಟೆ ಬೇಯಿಸ್ತೀನಿ ಅಂದ್ರಾ? ಮಾರನೇ ದಿನ ಅದೇ ರೂಮಿಗೆ ನನ್ನಂಥವರು ಬಂದು ಅದರಲ್ಲೇ ಚಹಾಕ್ಕೆ ನೀರು ಕಾಯಿಸ್ತೀವಿ. ನಮ್ಮತ್ತೆ ಇದನ್ನು ಓದಿದರೆ ಇನ್ನು ಜನ್ಮದಲ್ಲಿ ಹೋಟೆಲ್ ರೂಮ್ ಹತ್ತಲ್ಲ.

ವೀಕೆಂಡ್ ವಂದೇ ಭಾರತ್

ತೊಳೆದು ಇಡ್ತೀನಿ ಅಕ್ಕ.

ಪಿ.ಜೆ. ಬಡಾವಣೆ ಅಕ್ಕ

ಯಾವುದರಲ್ಲಿ? ಹೋಟೆಲ್‌ನವರು ಇಟ್ಟ ಸಣ್ಣ ಸೋಪಲ್ಲಾ?

ಹೈವೇ ನಲವತ್ತೆಂಟು

ನಾನು ಸ್ವಂತ ಕೆಟಲ್ ಇಟ್ಟುಕೊಂಡಿದೀನಿ. ನನ್ನನ್ನು ಆ ಲೆಕ್ಕಕ್ಕೆ ಸೇರಿಸಬೇಡಿ.

ಲಾಡ್ಜ್ ಕೌಂಟರ್

ಸ್ವಂತದ್ದೇ ನಮಗೆ ದೊಡ್ಡ ತಲೆನೋವು ಅಣ್ಣಾ. 1,500 ವಾಟ್ ಕೆಟಲ್ ತಂದು ಟಿವಿ ಪ್ಲಗ್‌ಗೆ ಹಾಕ್ತಾರೆ. ಆ ಸಣ್ಣ ಪ್ಲಗ್ ಅಷ್ಟು ಲೋಡ್ ತಡೆಯಲ್ಲ, ಕರಗಿಹೋಗುತ್ತೆ. ಹೋದ ತಿಂಗಳು ಮೊದಲ ಮಹಡಿ ಪೂರ್ತಿ ಕರೆಂಟ್ ಹೋಯ್ತು, ಎಲೆಕ್ಟ್ರಿಷಿಯನ್‌ಗೆ ₹1,800 ಕೊಟ್ಟೆ. ಕೆಟಲ್ ಹಾಕಿದವರು ನಾನಲ್ಲ ಅಂತ ವಾದ. ರೂಮ್ ತುಂಬಾ ಮೊಟ್ಟೆ ವಾಸನೆ. ಬಿಸಿನೀರು ಬೇಕಾದರೆ ಕೌಂಟರ್‌ನಲ್ಲಿ ಕೇಳಿ, ಫ್ಲಾಸ್ಕ್‌ನಲ್ಲಿ ಪುಕ್ಕಟೆ ಕೊಡ್ತೀವಿ. ಹಾಲು, ಮೊಸರು ಇಡೋದಿದ್ದರೂ ಹೇಳಿ. ನಮ್ಮ ಆಫೀಸ್ ಫ್ರಿಜ್‌ನಲ್ಲಿ ಹೆಸರು ಬರೆದು ಇಡ್ತೀವಿ. ಯಾರೂ ಕೇಳೋದೇ ಇಲ್ಲ.

ದುರ್ಗದ ಡ್ರಿಲ್ ಮೇಷ್ಟ್ರು

ಎಲ್ಲರೂ ದುಡ್ಡಿನ ಲೆಕ್ಕವನ್ನೇ ಹೇಳ್ತಿದ್ದೀರಿ. ಜಿಮ್ ₹14,999, ಕೋಚ್ ₹4,500, ಪುಡಿ ₹2,900. ನಾನು ಜೀವನಪೂರ್ತಿ ಮಕ್ಕಳಿಗೆ ಡ್ರಿಲ್ ಮಾಡಿಸಿದವನು. ನಿವೃತ್ತಿ ಆದ ಮೇಲೂ ತೂಕ 62 ದಾಟಿಲ್ಲ. ಬೆಳಿಗ್ಗೆ ಚಂದ್ರವಳ್ಳಿ ಕಡೆ, ಇಲ್ಲವೇ ಜೋಗಿಮಟ್ಟಿ ಏರು. ಭಾನುವಾರ ಕೋಟೆ. ಏಳು ಸುತ್ತಿನ ಕೋಟೆ ಮೆಟ್ಟಿಲು ಹತ್ತಿಳಿದರೆ ಯಾವ ಜಿಮ್ಮೂ ಬೇಡ. ದುರ್ಗಕ್ಕೆ ಕೆಲಸದ ಮೇಲೆ ಬರ್ತೀರಲ್ಲ, ಬೆಳಿಗ್ಗೆ ಬೇಗ ಬನ್ನಿ, ನನ್ನ ಜೊತೆ ಹತ್ತಿ. ದಾವಣಗೆರೆಯವರಿಗೆ ಎಲ್ಲ ಸಪಾಟು ನೆಲ, ಅದಕ್ಕೇ ಹೊಟ್ಟೆ. ಮೇಲೆ ಬೆಣ್ಣೆ ದೋಸೆ ಬೇರೆ.

ಭಟ್ಟಿ ಹುಡುಗ

ಮೇಷ್ಟ್ರೆ, ಅವರಿಗೆ ಮಂಡಿ ನೋವು. ಮೆಟ್ಟಿಲು ಬೇಡ ಅಂತ ಬರೆದಿದ್ದಾರೆ. ಮತ್ತೆ ದುರ್ಗದವರು ಭಾನುವಾರ ದಾವಣಗೆರೆಗೆ ಯಾಕೆ ಬರ್ತಾರೆ? ದೋಸೆ ಹೋಟೆಲ್ ಮುಂದೆ ಪ್ಲೇಟ್ ಹಿಡಿದು ನಿಲ್ಲೋಕೆ ತಾನೇ?

ದುರ್ಗದ ಡ್ರಿಲ್ ಮೇಷ್ಟ್ರು

ಹತ್ತದೇ ಇರೋದಕ್ಕೇ ಮಂಡಿ ನೋವು ಬರೋದು.

ಮೆಡಿಕಲ್ ಸ್ಟೋರ್, ಚಿತ್ರದುರ್ಗ

ಮೇಷ್ಟ್ರೆ, ದಯವಿಟ್ಟು. ಡಾಕ್ಟ್ರು ಬೇಡ ಅಂದಿದ್ದನ್ನು ಮಾಡಿಸಬೇಡಿ. ಸಪಾಟು ನೆಲದಲ್ಲಿ ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋ ಕನಿಷ್ಠ ಲೆಕ್ಕವೂ ಅದೇ. ಊಟ ಆದ ಮೇಲೆ ಹತ್ತು ನಿಮಿಷ ಬಸ್ ಸ್ಟ್ಯಾಂಡ್‌ನಲ್ಲೇ ಅಡ್ಡಾಡಿ. ಸಕ್ಕರೆಗೆ ಅದೂ ಒಳ್ಳೇದು.

ದೋಸೆ ಮಾತು ಬಂತಲ್ಲ, ಒಂದು ದೊಡ್ಡ ಚಮಚ ಬೆಣ್ಣೆ ಅಂದ್ರೆ ಸುಮಾರು 100 ಕ್ಯಾಲರಿ. ಹೋಟೆಲ್‌ನಲ್ಲಿ ಎಷ್ಟು ಚಮಚ ಬೀಳುತ್ತೆ ಅಂತ ಕಾವಲಿ ಪಕ್ಕ ನಿಂತು ಒಮ್ಮೆ ನೋಡಿ.

ಪಿ.ಜೆ. ಬಡಾವಣೆ ಅಕ್ಕ

ಬೆಣ್ಣೆಗೆ ಬೈಬೇಡಿ. ಬೆಣ್ಣೆ ಅಂತ ಹೇಳಿ ಬೇರೇನೋ ಸವರೋರಿಗೆ ಬೈಯಿರಿ.

ಬ್ಯಾಗ್ ಹೊತ್ತ ರೆಪ್, ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಲಾಡ್ಜ್ ಫ್ರಿಜ್ ವಿಷಯ ನಿಜಕ್ಕೂ ಗೊತ್ತಿರಲಿಲ್ಲ. ಮೊಟ್ಟೆ ಮತ್ತು ಕೋಟೆ ನನ್ನಿಂದ ಆಗಲ್ಲ, ಮತ್ತೊಮ್ಮೆ ಹೇಳ್ತಿದೀನಿ. ಗುರುವಾರ ಚಳ್ಳಕೆರೆ, ರಾತ್ರಿ ಅಲ್ಲೇ ಉಳಿಯೋದು. ಡಾಕ್ಟ್ರ ಕ್ಯೂ ಮುಗಿದು ಹೊರಗೆ ಬರುವಾಗ ಮಧ್ಯಾಹ್ನ ಎರಡೂವರೆ. ಆ ಹೊತ್ತಿಗೆ ಸಿಗೋದು ಪಲಾವ್, ಫ್ರೈಡ್ ರೈಸ್. ಏನು ತಿನ್ನಲಿ?

ಎಣ್ಣೆ ಊರಿನವನು

ಕೊನೆಗೂ ನಮ್ಮೂರ ಮಾತು ಬಂತು. ನಮ್ಮಪ್ಪ ಎಣ್ಣೆ ಮಿಲ್ಲಲ್ಲಿದ್ದವರು. ಅಷ್ಟೂ ವರ್ಷ ಜೇಬಲ್ಲಿ ಹುರಿದ ಶೇಂಗಾ ಇಟ್ಟುಕೊಂಡೇ ಕೆಲಸ ಮಾಡಿದರು. 100 ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೋಟೀನ್ ಇದೆ. ₹2,900ರ ಪುಡಿ ಯಾಕೆ ಬೇಕು ಹೇಳಿ.

ವೀಕೆಂಡ್ ವಂದೇ ಭಾರತ್

ಅದೇ 100 ಗ್ರಾಂನಲ್ಲಿ 570 ಕ್ಯಾಲರಿಯೂ ಇದೆ. ಅದನ್ನು ಯಾರೂ ಹೇಳಲ್ಲ.

ಎಣ್ಣೆ ಊರಿನವನು

100 ಗ್ರಾಂ ಪೂರ್ತಿ ತಿನ್ನಿ ಅಂತ ಯಾರಂದ್ರು? ಒಂದು ಹಿಡಿ.

ರೆಪ್ ಸರ್, ಎರಡೂವರೆಗೆ ಹೋದರೆ ಪಲಾವೇ ಗತಿ. ಹನ್ನೊಂದು ಗಂಟೆಗೆ ಕ್ಯೂನಲ್ಲಿ ಕೂತಿರುವಾಗಲೇ ಮುದ್ದೆ ಊಟದ ಹೋಟೆಲ್‌ಗೆ ಫೋನ್ ಮಾಡಿ, ಒಂದು ಮುದ್ದೆ ಎತ್ತಿಡಿ ಅನ್ನಿ. ನಾಲ್ಕು ಸಲ ಮುಖ ತೋರಿಸಿದರೆ ಎತ್ತಿಡ್ತಾರೆ. ಮುದ್ದೆ ಒಂದೇ, ಕಾಳು ಸಾರು ಎರಡು ಬಟ್ಟಲು, ಸೊಪ್ಪಿನ ಪಲ್ಯ ಇದ್ದರೆ ಅದು, ಮಜ್ಜಿಗೆ.

ವೀಕೆಂಡ್ ವಂದೇ ಭಾರತ್

ಮುದ್ದೆಯೂ ಕಾರ್ಬೇ ಅಲ್ವಾ?

ಎಣ್ಣೆ ಊರಿನವನು

ಹೌದಪ್ಪಾ. ಅದಕ್ಕೇ ಒಂದೇ ಅಂದಿದ್ದು, ಅದಕ್ಕೇ ಸಾರು ಎರಡು ಬಟ್ಟಲು. ಮತ್ತೆ ಸರ್, ಅನ್ನ ಬೇಡ ಅಂತ ಕೂರುವಾಗಲೇ ಹೇಳಿಬಿಡಿ. ಬಡಿಸಿದ ಮೇಲೆ ಯಾರೂ ವಾಪಸ್ ತಗೊಳ್ಳಲ್ಲ, ಚೆಲ್ಲೋಕೆ ನಿಮಗೂ ಮನಸ್ಸು ಬರಲ್ಲ.