ಕನ್ನಡ ಮಾಧ್ಯಮದಲ್ಲಿ ಓದಿದವರು ಟೋಪಾಲಜಿ ಸಂಶೋಧನೆಗೆ ಹೋಗುವುದು ಹೇಗೆ?

ಕುಂಬಳೆಯ ಹುಡುಗಿ:
ಬಿ.ಎಸ್ಸಿ. ಗಣಿತ, ಎರಡನೇ ವರ್ಷ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಮೆಟ್ರಿಕ್ ಸ್ಪೇಸ್ (ಬಿಂದುಗಳ ನಡುವೆ ದೂರ ಹೇಳಬಹುದಾದ ಗಣ) ಪಾಠ ಶುರುವಾದ ಮೇಲೆ ಟೋಪಾಲಜಿ (ಹರಿಯದೆ, ಅಂಟಿಸದೆ ಎಳೆದು ಬಗ್ಗಿಸಿದರೂ ಬದಲಾಗದ ಆಕಾರದ ಗುಣಗಳ ಗಣಿತ) ಬಿಟ್ಟು ಬೇರೆ ಏನೂ ಬೇಡ ಅನಿಸಿದೆ. ಮನೆಯಲ್ಲಿ ಬಿ.ಎಡ್. ಮಾಡು ಅನ್ನುತ್ತಾರೆ. ಈಗಿನಿಂದ ಏನು ಓದಲಿ?

ಪೆರ್ಲದವ:
ನಾನೂ ಕನ್ನಡ ಶಾಲೆಯವನೇ. ಈಗ ಚೆನ್ನೈಯಲ್ಲಿ ಆಲ್ಜೀಬ್ರಾಯಿಕ್ ಟೋಪಾಲಜಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ನನ್ನನ್ನು ಇದಕ್ಕೆ ಎಳೆದದ್ದು ಗಣಿತಜ್ಞ ಆಯ್ಲರ್ ಹೇಳಿದ ಲೆಕ್ಕ: ಮೂಲೆಗಳಿಂದ ಅಂಚು ಕಳೆದು ಮುಖ ಕೂಡಿಸುವುದು. ಘನದ ಮೂಲೆ 8, ಅಂಚು 12, ಮುಖ 6. 8 − 12 + 6 = 2. ಪಿರಮಿಡ್ಡಿಗೂ 2. ಚೆಂಡಿನ ಮೇಲೆ ಗೆರೆ ಎಳೆದು ಹೇಗೆ ಪಾಲು ಮಾಡಿದರೂ 2, ಪಾಲುಗಳಲ್ಲಿ ತೂತು ಇರಬಾರದು ಅಷ್ಟೆ. ಉದ್ದಿನ ವಡೆಯ ಮೇಲ್ಮೈಯಲ್ಲಿ ಇದನ್ನೇ ಮಾಡಿದರೆ 0. ಅಳತೆ ಏನೂ ಬೇಡ, ಸುಮ್ನೆ ಎಣಿಸಿದರೆ ತೂತು ಇರುವುದು ಗೊತ್ತಾಗುತ್ತದೆ!

ಈಗ ಗ್ರೂಪ್ ಥಿಯರಿ ಗಟ್ಟಿ ಮಾಡಿಕೊಳ್ಳಿ. ಗ್ರೂಪ್ ಅಂದರೆ ಪೂರ್ಣಾಂಕಗಳನ್ನು ಕೂಡಿಸಿ ಕಳೆಯುವ ಹಾಗೆ, ಜೋಡಿಸಲೂ ಜೋಡಿಸಿದ್ದನ್ನು ರದ್ದು ಮಾಡಲೂ ಆಗುವ ಗಣ. ಟೋಪಾಲಜಿಗೆ ಚಿತ್ರ ಬಿಡಿಸಿದರೆ ಸಾಕು ಅಂದುಕೊಂಡವರೇ ಜಾಸ್ತಿ. ಆದರೆ ಆಕಾರದ ಪ್ರಶ್ನೆಯನ್ನು ಗ್ರೂಪಿನ ಪ್ರಶ್ನೆಯಾಗಿ ಬದಲಿಸುವುದರಲ್ಲೇ ಅದರ ಶಕ್ತಿ ಉಂಟು. ಒಂದು ಬಿಂದುವಿನಿಂದ ಹೊರಟು ಅಲ್ಲಿಗೇ ಮರಳುವ ದಾರಿಗಳಿಂದ (ಎಳೆದು ಸರಿಸಿದರೆ ಒಂದೇ ಆಗುವವನ್ನು ಒಂದೇ ಎಂದು ಎಣಿಸಿ) ಬರುವುದು ಫಂಡಮೆಂಟಲ್ ಗ್ರೂಪ್. ವೃತ್ತಕ್ಕೆ ಅದು ಪೂರ್ಣಾಂಕಗಳ ಗ್ರೂಪ್: ಎಷ್ಟು ಸುತ್ತು, ಯಾವ ದಿಕ್ಕು, ಅಷ್ಟೇ ಲೆಕ್ಕ. ಇದರ ಪ್ರೂಫನ್ನು ಪುಸ್ತಕ ಮುಚ್ಚಿಟ್ಟು ಬರೆಯಿರಿ. ಬ್ರೌವರ್ ಪ್ರಮೇಯ ಇದರಿಂದಲೇ ಸಿಗುತ್ತದೆ: ತಟ್ಟೆಯಾಕಾರದ ಹಾಳೆಯನ್ನು ಹರಿಯದೆ ಅದೇ ಜಾಗದೊಳಗೆ ಹೇಗೆ ಸರಿಸಿದರೂ ಒಂದು ಬಿಂದು ಇದ್ದಲ್ಲೇ ಇರುತ್ತದೆ.

ಬೇಸಿಗೆಯ ಎಂಟಿಟಿಎಸ್ ಗಣಿತ ತರಬೇತಿ ಶಿಬಿರಕ್ಕೆ ಅರ್ಜಿ ಹಾಕಿ. 1993ರಲ್ಲಿ ಶುರುವಾದದ್ದು. ಅಲ್ಲಿ "ಯಾಕೆ?" ಅಂತ ಕೇಳಿ ಕೇಳಿ ನಿಮ್ಮಿಂದಲೇ ಉತ್ತರ ಹೊರಡಿಸುತ್ತಾರೆ. ಆಮೇಲೆ ಎಂ.ಎಸ್ಸಿ.ಗೆ ಜಾಮ್ (ಐಐಟಿ ಮುಂತಾದವುಗಳ ಪ್ರವೇಶ ಪರೀಕ್ಷೆ), ಪಿಎಚ್.ಡಿ.ಗೆ ನೆಟ್ ಮತ್ತು ಎನ್‌ಬಿಎಚ್‌ಎಂ (ರಾಷ್ಟ್ರೀಯ ಉನ್ನತ ಗಣಿತ ಮಂಡಳಿ) ಪರೀಕ್ಷೆಗಳು. ಫೆಲೋಶಿಪ್ ಸಿಕ್ಕಿದರೆ ಪಿಎಚ್.ಡಿ. ಮಾಡುವಾಗ ಪ್ರತಿ ತಿಂಗಳು ಹಣ ಬರುತ್ತದೆ. ಮನೆಯವರಿಗೆ ಇದನ್ನು ಮೊದಲು ಹೇಳಿ.

ಕುಂಬಳೆಯ ಹುಡುಗಿ:
ಅಣ್ಣಾ, ವಡೆಗೆ 16 ಮೂಲೆ, 32 ಅಂಚು, 16 ಚೌಕ ಬರೆದೆ. ಸೊನ್ನೆ ಬಂತು! ಎರಡು ತೂತಿದ್ದರೆ? ಮತ್ತೆ, ಇಂಗ್ಲಿಷ್ ಕಷ್ಟ ಆಗುತ್ತದಾ?

ಪೆರ್ಲದವ:
ಎರಡಕ್ಕೆ −2, ಮೂರಕ್ಕೆ −4. ಪ್ರೂಫ್‌ಗೆ ಬೇಕಾದ ಇಂಗ್ಲಿಷ್ ಸ್ವಲ್ಪವೇ. ನಾನು ಈಗಲೂ ಕನ್ನಡದಲ್ಲೇ ಯೋಚಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಸೆಮಿನಾರಿನಲ್ಲಿ ಮಾತಾಡುವುದು ಮೊದಲು ಕಷ್ಟವೇ. ಗೆಳತಿಯರ ಎದುರು ಬೋರ್ಡಿನಲ್ಲಿ ಬರೆದು ಹೇಳಿ ಅಭ್ಯಾಸ ಮಾಡಿ.

ಪೆರಿಯದಿಂದ:
ಮನೆಯವರು ದೂರ ಕಳಿಸದಿದ್ದರೆ ಇಲ್ಲೇ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಗಣಿತ ಎಂ.ಎಸ್ಸಿ. ಉಂಟು. ಅದಕ್ಕೆ ಸಿಯುಇಟಿ ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಜಾಮ್ ಜೊತೆಗೆ ಅದನ್ನೂ ಬರೆದಿಡಿ.