ಹಡಗಿನ ಕ್ಯಾಸಿನೊದವ್ರು ಪುಕ್ಕಟೆ ರೂಮು ಕೊಟ್ಟಾರ, ಹೋಗೋಣೇನ್ರಿ?

ನಮ್ಮ ಹುಬ್ಬಳ್ಳಿ-ಧಾರವಾಡ ಪ್ರವಾಸಿಗರ ಗುಂಪಿನ ಭಾನುವಾರದ ಪ್ರಶ್ನೋತ್ತರ. ಉತ್ತರ ಕೊಟ್ಟವರು ಧಾರವಾಡ ಮಾಳಮಡ್ಡಿಯ ನಮ್ಮ ಸದಸ್ಯೆ. ಕ್ರೂಸ್ ಹಡಗುಗಳ ಕ್ಯಾಸಿನೊದಾಗ ಮೊದಲು ಡೀಲರ್, ಆಮೇಲೆ ಟೇಬಲ್ ಸೂಪರ್‌ವೈಸರ್ ಆಗಿ 11 ವರ್ಷ ದುಡಿದು ಊರಿಗೆ ಬಂದವರು. ತೆರಿಗೆ ಪ್ರಶ್ನೆಗೆ ವಿದ್ಯಾನಗರದ ಸಿಎ ಒಬ್ಬರು ಉತ್ತರ ಬರೆದಿದ್ದಾರೆ.

ಪ್ರಶ್ನೆ: ಕೇಶ್ವಾಪುರ, ಹುಬ್ಬಳ್ಳಿ

ನಮಸ್ಕಾರ್ರಿ ಅಕ್ಕಾರ. ಮಗಾ ಡಲ್ಲಾಸಿನಾಗ ಇದ್ದಾನ. ಹೋದ ವರ್ಷ ನನಗೂ ನಮ್ಮ ಮನಿಯವರಿಗೂ ಟೆಕ್ಸಸ್ಸಿನ ಗ್ಯಾಲ್ವೆಸ್ಟನ್ ಬಂದರಿನಿಂದ ಐದು ರಾತ್ರಿ ಕ್ರೂಸ್ ಮಾಡಿಸಿದ. ದೀವಳಿಗಿ ಅಮಾಸಿ ರಾತ್ರಿ ಇಸ್ಪೀಟ ಆಡಿದ್ದು ಬಿಟ್ರ ನನಗ ಜೂಜು ಗೊತ್ತಿಲ್ಲ. ಅಲ್ಲೆ ಸ್ಲಾಟ್ ಮಷೀನಿನ ಮುಂದ ಕೂತೆ, 280 ಡಾಲರ್ ಹೋತು. ಮರತೂ ಬಿಟ್ಟಿದ್ದೆ. ಈಗ ಮೇಲ್ ಬಂದದ: ಜನವರಿ-ಫೆಬ್ರುವರಿಯೊಳಗ ನಾಲ್ಕು ರಾತ್ರಿ, ಇಬ್ಬರಿಗೆ ಒಳಗಿನ ರೂಮು ಪುಕ್ಕಟೆ, ಮ್ಯಾಲೆ 50 ಡಾಲರ್ ಫ್ರೀ ಪ್ಲೇ, ಅಂದ್ರ ಕ್ಯಾಸಿನೊದಾಗ ಆಡಲಿಕ್ಕಷ್ಟ ಬರೋ ಪುಕ್ಕಟೆ ರೊಕ್ಕ. ನನ್ನ ಹೆಸರಿಗೆ 610 ಪಾಯಿಂಟ್ ಅದಾವಂತ. ಸೋತಾಂವಗ ಬಹುಮಾನ ಯಾಕ ಕೊಡತಾರ? ಇನ್ನಷ್ಟು ಆಡಿ ಮ್ಯಾಲಿನ ಹಂತಕ್ಕ ಏರಿದ್ರ ಫಾಯ್ದೆ ಅದ ಏನು?

ಉತ್ತರ

ಕಾಕಾ, ನೀವು ಸೋತದ್ದನ್ನ ಅವ್ರು ನೋಡಿಲ್ಲ, ಆಡಿದ್ದನ್ನ ನೋಡ್ಯಾರ. ನೀವು ಆಡಿದ ಹಡಗು ರಾಯಲ್ ಕೆರಿಬಿಯನ್‌ದ್ದು ಅಂತ ಹಿಡೀತೀನಿ. ಅವರ 'ಕ್ಲಬ್ ರಾಯೇಲ್' ಅನ್ನೋ ಕ್ಯಾಸಿನೊ ಕ್ಲಬ್ಬಿನಾಗ ಸ್ಲಾಟ್ ಮಷೀನಿಗೆ 5 ಡಾಲರ್ ಆಡಿದ್ರ ಒಂದು ಪಾಯಿಂಟ್, ವಿಡಿಯೊ ಪೋಕರಿಗೆ 10 ಡಾಲರಿಗೆ ಒಂದು. ನಿಮ್ಮ 610 ಪಾಯಿಂಟ್ ಅಂದ್ರ 3,050 ಡಾಲರ್ ಆಡೀರಿ. ಗಾಬರಿ ಆಗಬ್ಯಾಡ್ರಿ, ಅಷ್ಟು ನಿಮ್ಮ ಕಿಸೆದಿಂದ ಹೋಗಿಲ್ಲ. ಅದ ಮುನ್ನೂರು ಡಾಲರ್ ಗೆದ್ದು, ಸೋತು, ಮತ್ತ ಗೆದ್ದು ಹತ್ತು ಸುತ್ತು ತಿರುಗೇದ. ಪ್ರತಿ ಸುತ್ತಿಗೂ ಮಷೀನು ತನ್ನ ಪಾಲು ಮುರಕೊಂಡದ.

ಆ ಪಾಲೇ ಎಲ್ಲಾದರ ಬೇರು. ಕಂಪನಿ ಲೆಕ್ಕ ಇಡೋದು ನೀವು ನಿಜವಾಗಿ ಎಷ್ಟು ಸೋತ್ರಿ ಅಂತ ಅಲ್ಲ, ನಿಮ್ಮಂಥಾವ್ರು ಇಷ್ಟು ಆಡಿದ್ರ ಸರಾಸರಿ ಎಷ್ಟು ಸೋಲಬೇಕು ಅಂತ. ಟೇಬಲ್ಲಿನ ಮ್ಯಾಲಾದ್ರ ಒಂದು ಕೈಗೆ (ಒಂದು ಸುತ್ತಿನ ಆಟಕ್ಕ) ಹಚ್ಚೋ ರೊಕ್ಕ, ಗಂಟೆಗೆ ಎಷ್ಟು ಕೈ, ಎಷ್ಟು ಗಂಟೆ, ಅದಕ್ಕ ಆಟದ ಪಾಲು, ನಾಲ್ಕನ್ನೂ ಗುಣಿಸಿ ತಗೀತಾರ. ನಮ್ಮ ಭಾಷಾದಾಗ ಅದಕ್ಕ 'ಥಿಯೊ' ಅಂತಿದ್ವಿ. ಅದರಾಗಿಂದ ಒಂದು ತುಣುಕು ನಿಮಗ ರೂಮಾಗಿ, ಕುಡಿಯೋದಾಗಿ, ಫ್ರೀ ಪ್ಲೇ ಆಗಿ ವಾಪಸ್ ಬರತದ. ದುರ್ಗದ ಬೈಲಿನಾಗ ಸೀರಿ ನೋಡಲಿಕ್ಕೆ ಕೂತವರಿಗೆ ಅಂಗಡಿಯವ್ರು ಚಹಾ ತರಸತಾರಲ್ಲ, ಹಂಗ. ಚಹಾದ ರೊಕ್ಕ ಸೀರಿಯೊಳಗ ಇರತದ.

ಈಗ ನಿಮ್ಮ ಮೇಲ್. ರೂಮಿನ ಬಾಡಿಗಿ ಇಲ್ಲ, ಖರೆ. ಆದ್ರ ಬಂದರಿನ ಶುಲ್ಕ, ತೆರಿಗಿ ನೀವ ಕೊಡಬೇಕು. ಒಬ್ಬರಿಗೆ 120 ಡಾಲರ್ ಹಿಡೀರಿ. ಸಿಬ್ಬಂದಿ ಟಿಪ್ಸ್ ಒಬ್ಬರಿಗೆ ದಿನಕ್ಕ 18 ಡಾಲರಿನ ಆಸುಪಾಸು. ಇಬ್ಬರಿಗೆ ನಾಲ್ಕು ದಿನಕ್ಕ ಎಲ್ಲಾ ಕೂಡಿ 385 ಡಾಲರ್. ಡಾಲರಿಗೆ 90 ರೂಪಾಯಿ ಅಂದ್ರ ಮೂವತ್ತೈದು ಸಾವಿರ. ಇಷ್ಟಕ್ಕ ನಾಲ್ಕು ದಿನ ಊಟ, ವಸ್ತಿ, ಸಮುದ್ರ. ನೀವು ಹೆಂಗಿದ್ರೂ ಮಗನ ಮನಿಗೆ ಹೋಗವರಿದ್ರ ಇದು ಛಲೋ ಸೌದಾ. ಇದರ ಸಲುವಾಗೇ ಹುಬ್ಬಳ್ಳಿಯಿಂದ ವಿಮಾನದ ಟಿಕೆಟ್ ತಗಸವರಿದ್ರ ಪುಕ್ಕಟೆ ಅನ್ನೋ ಶಬ್ದಾನ ಬಿಟ್ಟುಬಿಡ್ರಿ. ಬುಕ್ ಮಾಡೋಕಿಂತ ಮೊದಲು ಅದ ಹಡಗು, ಅದ ತಾರೀಖು, ಅದ ಒಳಗಿನ ರೂಮಿಗೆ ಸಾಮಾನ್ಯ ದರ ಎಷ್ಟದ ಅಂತ ಮಗಗ ನೋಡ್ಲಿಕ್ಕೆ ಹೇಳ್ರಿ. ಕ್ಯಾಸಿನೊದವ್ರು ಕೊಡೋದು ಬಹಳಷ್ಟು ಸಲ ಮಂದಿ ಕಡಿಮಿ ಇರೋ ತಾರೀಖುಗಳನ್ನ. ಆಗ ರೂಮಿನ ದರಾನೂ ಇಳಿದಿರತದ. ನಿಮಗ ಸಿಕ್ಕ ಉಡುಗೊರಿ ಅಷ್ಟೇ ಬೆಲಿದು.

ಮ್ಯಾಲಿನ ಹಂತ? ಅಲ್ಲೆ ಚಾಯ್ಸ್, ಪ್ರೈಮ್, ಸಿಗ್ನೇಚರ್, ಮಾಸ್ಟರ್ಸ್ ಅಂತ ನಾಲ್ಕು ಮೆಟ್ಟಲು. ಪ್ರೈಮಿಗೆ 2,500 ಪಾಯಿಂಟ್, ಸಿಗ್ನೇಚರಿಗೆ 25,000, ಮಾಸ್ಟರ್ಸಿಗೆ ಒಂದು ಲಕ್ಷ. ವರ್ಷದ ಲೆಕ್ಕ ನಮ್ಮ ಸರ್ಕಾರದ್ದರಂಗ ಏಪ್ರಿಲ್ 1ರಿಂದ ಮಾರ್ಚ್ 31. 2,500 ಪಾಯಿಂಟ್ ಅಂದ್ರ ಸ್ಲಾಟಿನಾಗ 12,500 ಡಾಲರ್ ಆಡಬೇಕು. ಮಷೀನಿನ ಪಾಲು ನೂರಕ್ಕ ಎಂಟು ಅಂತ ಹಿಡಿದ್ರ ಸರಾಸರಿ 1,000 ಡಾಲರ್ ಕಳಕೋತೀರಿ, ತೊಂಬತ್ತು ಸಾವಿರ ರೂಪಾಯಿ. ಅದಕ್ಕ ಬದಲಿ ಸಿಗೋದು ವರ್ಷಕ್ಕೊಂದು ಒಳಗಿನ ರೂಮು, ಕ್ಯಾಸಿನೊದಾಗ ಆಡೋವಾಗ ಕುಡಿಯೋದು ಫ್ರೀ. ಅಂಥಾ ರೂಮು ರೊಕ್ಕ ಕೊಟ್ಟ ತಗೊಂಡ್ರ ಎಷ್ಟೋ ಸೋವಿ. ಏರಲಿಕ್ಕಂತ ಆಡಬ್ಯಾಡ್ರಿ. ಮೋಜಿಗೆ ಆಡಿದ್ದು ತಾನಾಗಿ ಎಷ್ಟು ಪಾಯಿಂಟ್ ತರತದ, ತರಲಿ.

ಪ್ರಶ್ನೆ: ಮುಳಗುಂದ ನಾಕಾ, ಗದಗ

ಅಕ್ಕಾರ, ನಮ್ಮನಿಯವ್ರು ಕುಡಿಯಂಗಿಲ್ಲ, ನಾನೂ ಇಲ್ಲ. ಆ ಫ್ರೀ ಡ್ರಿಂಕ್ಸ್ ನಮಗೇನ್ ಉಪಯೋಗ ಐತ್ರಿ? ಇನ್ನೊಂದು, ಇಬ್ಬರೂ ಒಂದ ಕಾರ್ಡಿನ ಮ್ಯಾಲೆ ಆಡಿದ್ರ ಪಾಯಿಂಟ್ ಲಗೂ ಕೂಡತಾವ ಅಂತಾರ, ಖರೇನ?

ಉತ್ತರ

ನೀರಿನ ಬಾಟಲಿ, ಕಾಫಿ, ಸೋಡಾ ಎಲ್ಲಾ ಡ್ರಿಂಕ್ಸೇ ಅವ್ವಾ. ಆದ್ರ ಒಂದು ನೀರಿನ ಬಾಟಲಿ ಬರೋತನಕಾ ಕೂತು ಇಪ್ಪತ್ತು ಡಾಲರ್ ಹಾಕಿದ್ರ ಅದು ಜಗತ್ತಿನ ಭಾಳ ತುಟ್ಟಿ ನೀರು.

ಕಾರ್ಡಿನ ಮಾತು ಮಹತ್ವದ್ದು. ಇನ್ನೊಬ್ಬರ ಕಾರ್ಡ್ ಹಾಕಿ ಆಡೋದಕ್ಕ ಕ್ಯಾಸಿನೊ ಒಪ್ಪೂದಿಲ್ಲ; ಸಿಕ್ಕಿಬಿದ್ರ ಇಬ್ಬರ ಆಫರೂ ಹೋಗಬಹುದು. ದೊಡ್ಡ ಜಾಕ್‌ಪಾಟ್ ಹತ್ತಿದ್ರ ಕಾರ್ಡ್ ಯಾರದು ಅಂತ ಕೇಳೂದಿಲ್ಲ, ಬಟನ್ ಒತ್ತಿದವ್ರು ಯಾರು ಅಂತ ಕೇಳತಾರ, ಕಾಗದಪತ್ರ ಅವರ ಹೆಸರಿಗೆ. ಹಂಗಾಗಿ ಮೊದಲ ಮಾತಾಡಿಕೊಳ್ರಿ: ಆಡೋದು ಒಬ್ಬರು, ನೋಡೋದು ಒಬ್ಬರು. ಪಾಯಿಂಟ್ ಒಂದ ಕಡೆ ಕೂಡತಾವ, ಆಫರ್ ಒಬ್ಬರಿಗೆ ಬಂದ್ರೂ ರೂಮಿನಾಗ ಇಬ್ಬರೂ ಇರಬಹುದು. ಆದ್ರ ಆಫರ್ ಯಾರ ಹೆಸರಿಗೆ ಅದನೋ ಅವ್ರು ಹಡಗು ಹತ್ತಲೇಬೇಕು. ಅದನ್ನ ಅಳಿಯಗ, ಭಾವಗ ದಾನ ಮಾಡಲಿಕ್ಕೆ ಬರೂದಿಲ್ಲ.

ಪ್ರಶ್ನೆ: ಬ್ಯಾಡಗಿ, ಹಾವೇರಿ ಜಿಲ್ಲೆ

ನಾವು ಮೆಣಸಿನಕಾಯಿ ವ್ಯಾಪಾರದವ್ರು. ಸೀಜನ್ ಮುಗದ ಮ್ಯಾಲೆ ದೋಸ್ತರು ಕೂಡಿ ಗೋವಾಕ್ಕ ಹೋಗ್ತೀವಿ, ಮಾಂಡೋವಿ ನದ್ಯಾಗಿನ ಕ್ಯಾಸಿನೊದಾಗ ನನ್ನ ಹೆಸರಿಗೆ ಛಲೋ ಕಾರ್ಡ್ ಐತಿ. ಅಂದರ್ ಬಾಹರ್, ಬ್ಲ್ಯಾಕ್‌ಜಾಕ್ ಆಡ್ತೀನಿ. ಈ ಸಲ ಸಿಂಗಾಪುರದಿಂದ ಕ್ರೂಸ್ ಐತಿ. ಗೋವಾ ಕಾರ್ಡ್ ತೋರಿಸಿದ್ರ ಅಲ್ಲಿ ಮರ್ಯಾದಿ ಸಿಗತೈತೇನ್ರಿ? ಟೇಬಲ್ ಮ್ಯಾಲೆ ಪಾಯಿಂಟ್ ಹೆಂಗ ಕೊಡತಾರ?

ಉತ್ತರ

ಅಣ್ಣಾರ, ಗೋವಾದಾಗಿನ ಕಾರ್ಡ್ ಗೋವಾಕ್ಕ. ಹೊಸಾ ಹಡಗಿನ ಮ್ಯಾಲೆ ನೀವು ಸೊನ್ನೆಯಿಂದ ಸುರು. ಆದ್ರ ನಿಮಗೊಂದು ಪರಿಚಯ ಆಗಲೇ ಅದ: ಗೋವಾದ ಎಂಟ್ರಿ ಟಿಕೆಟ್ ಜೊತಿ ಕೊಡೋ ಓಟಿಪಿ (ಒನ್ ಟೈಮ್ ಪ್ಲೇ) ಚಿಪ್ಸ್. ಒಂದ ಸಲ ಆಡಬೇಕು, ನಗದು ಮಾಡಲಿಕ್ಕೆ ಬರೂದಿಲ್ಲ. ಹಡಗಿನ ಫ್ರೀ ಪ್ಲೇನೂ ಅದರ ತಮ್ಮನ. ಕೇಶ್ವಾಪುರದ ಕಾಕಾನೂ ಕೇಳ್ರಿ: ಆ 50 ಡಾಲರ್ ಒಂದು ಸುತ್ತು ಆಡಿ ಮುಗಿಸಿ, ಗೆದ್ದದ್ದು ಎಷ್ಟಿರಲಿ, 40 ಇರಲಿ 60 ಇರಲಿ, ಚೀಟಿ ಹರಕೊಂಡು ಎದ್ದುಬಿಡಬೇಕು. ಇಡೀ ಆಫರಿನಾಗ ಪೂರ್ತಿ ನಿಮ್ಮದು ಅನ್ನೋ ರೊಕ್ಕ ಅದೊಂದ.

ಟೇಬಲ್ಲಿನ ಮ್ಯಾಲೆ ಕೂಡ್ರೋಕಿಂತ ಮೊದಲು ಕಾರ್ಡ್ ಡೀಲರಿಗೆ ಕೊಡ್ರಿ. ಎಷ್ಟೋ ಮಂದಿ ಎರಡು ತಾಸು ಆಡಿ ಎದ್ದು ಹೋಗೋವಾಗ ಕೊಡತಾರ, ಆಗ ಬರಿಯೋದು ಏನೂ ಉಳಿದಿರೂದಿಲ್ಲ. ಸೂಪರ್‌ವೈಸರ್ ನಿಮ್ಮ ಹಿಂದ ನಿಂತು ಸರಾಸರಿ ಎಷ್ಟು ಹಚ್ಚತೀರಿ, ಎಷ್ಟು ಹೊತ್ತು ಕೂತ್ರಿ ಅಂತ ಬರಕೋತಾನ. ಆ ಕೆಲಸ ವರ್ಷಗಟ್ಟಲೆ ನಾನ ಮಾಡೀನಿ, ಹಿಂಗಾಗಿ ಒಂದು ಗುಟ್ಟು ಹೇಳತೀನಿ. ಬ್ಲ್ಯಾಕ್‌ಜಾಕ್ ಟೇಬಲ್ಲಿಗೆ ಏಳು ಮಂದಿ ಕೂತ್ರ ಗಂಟೆಗೆ 50 ಕೈ ಆಸುಪಾಸು ಆಗತದ. ಒಬ್ಬರ ಕೂತ್ರ 200 ದಾಟತದ. ಲೆಕ್ಕದಾಗ ಹಿಡಿಯೋ ವೇಗ ಮಾತ್ರ ಬಹುತೇಕ ಒಂದ ಸರಾಸರಿ. ಅಂದ್ರ ಗದ್ದಲದ ಟೇಬಲ್ಲಿನಾಗ ನಿಧಾನ ಮಾತಾಡಕೋತ ಕೂತವಗೂ ಖಾಲಿ ಟೇಬಲ್ಲಿನಾಗ ಧಡಧಡ ಆಡಿದವಗೂ ತಾಸಿನ ಲೆಕ್ಕ ಒಂದ, ಕಳಕೊಳ್ಳೋದು ನಾಲ್ಕು ಪಟ್ಟು ಫರಕು.

ಕೂಡ್ರೋ ಮುಂಚೆ ಟೇಬಲ್ಲಿನ ಬಟ್ಟಿ ಮ್ಯಾಲೆ ಬರದದ್ದು ಓದ್ರಿ. ಬ್ಲ್ಯಾಕ್‌ಜಾಕ್ ಬಿದ್ರ (ಮೊದಲ ಎರಡು ಎಲಿಯಾಗೇ 21 ಆದ್ರ) 2 ಹಚ್ಚಿದ್ದಕ್ಕ 3 (3:2) ಕೊಡತಾರೋ, 5 ಹಚ್ಚಿದ್ದಕ್ಕ 6 (6:5) ಕೊಡತಾರೋ? ಹಡಗಿನಾಗ 6:5 ಭಾಳ. ಆ ಒಂದ ಸಾಲಿಗೆ ಮನಿಯ (ಕ್ಯಾಸಿನೊದ) ಪಾಲು ನೂರಕ್ಕ ಇನ್ನೂ 1.4ರಷ್ಟು ಜಾಸ್ತಿ ಆಗತದ, ಛಲೋ ನಿಯಮದ ಟೇಬಲ್ಲಿನಾಗ ಪೂರ್ತಿ ಪಾಲೇ ನೂರಕ್ಕ ಅರ್ಧದಷ್ಟು ಇರತದ. ರೂಲೆಟ್‌ನಾಗ ಒಂದು ಸೊನ್ನೆ ಇದ್ರ 2.7, ಎರಡು ಸೊನ್ನೆ ಇದ್ರ 5.26. ಬಕರಾ ಅನ್ನೋ ಎಲಿ ಆಟದ ಅಭ್ಯಾಸ ಇದ್ರ 'ಬ್ಯಾಂಕರ್' ಕಡೆ ಹಚ್ಚಿದ್ರ 1.06, ಅಲ್ಲಿ ಮನಿಯ ಪಾಲು ಭಾಳ ಕಡಿಮಿ.

ಇನ್ನೊಂದು: ರೂಮಿನ ಖಾತೆಗೆ ಬರಸಿ ಆಡಬ್ಯಾಡ್ರಿ. ಕೆಲವು ಕಂಪನಿ ಅದಕ್ಕ ನೂರಕ್ಕ 3ರಿಂದ 5 ಸೇವಾ ಶುಲ್ಕ ಹಾಕತಾವ. ಬ್ಯಾಂಕರ್ ಮ್ಯಾಲೆ ಹಚ್ಚಿ ಮನಿಯ ಪಾಲು 1.06ಕ್ಕ ಇಳಸಲಿಕ್ಕೆ ಶಾಣ್ಯಾ ಆಗಿ ಕೂತವ, ಚಿಪ್ಸ್ ತಗೋಳೋದರಾಗ 5 ಕೊಟ್ಟು ಬರೋದನ್ನ ಎಷ್ಟು ಸಲ ನೋಡೀನೋ! ಬಜೆಟ್ ಎಷ್ಟೋ ಅಷ್ಟು ನಗದು ಒಯ್ರಿ.

ಬ್ಯಾಡಗಿಯಿಂದ ಮತ್ತ

ನಗದು ಒಯ್ಯೋದು ಕಾನೂನಾಗ ಸರೀನೇನ್ರಿ? ಗೆದ್ರ ತೆರಿಗಿ?

ಉತ್ತರ: ವಿದ್ಯಾನಗರದ ಸಿಎ

ಮೊದಲು ಗೆದ್ದದ್ದು. ನೀವು ಭಾರತದ ನಿವಾಸಿ ಆಗಿದ್ದರೆ ಹೊರದೇಶದಲ್ಲಿ ಗೆದ್ದ ಜೂಜಿನ ಹಣವೂ ಇಲ್ಲಿನ ಆದಾಯವೇ. ಅದರ ಮೇಲೆ ನೇರ 30 ಪರ್ಸೆಂಟ್ ತೆರಿಗೆ, ಅದಕ್ಕೆ 4 ಪರ್ಸೆಂಟ್ ಸೆಸ್. ನಿಮ್ಮ ಸ್ಲ್ಯಾಬ್ ಯಾವುದೇ ಇರಲಿ, ಖರ್ಚು ಕಳೆಯಲು ಬರುವುದಿಲ್ಲ, ಸೋತದ್ದನ್ನು ಗೆದ್ದದ್ದರ ಜೊತೆ ವಜಾ ಮಾಡಲೂ ಬರುವುದಿಲ್ಲ. ಸೋಮವಾರ 400 ಡಾಲರ್ ಗೆದ್ದು ಮಂಗಳವಾರ 400 ಸೋತರೆ ಕೈಯಲ್ಲಿ ಏನೂ ಇಲ್ಲ, ತೆರಿಗೆ ಮಾತ್ರ ಇದೆ. ಬ್ಯಾಡಗಿ ಅಣ್ಣಾವರೇ, ಇದನ್ನು ಮೆಣಸಿನಕಾಯಿ ವ್ಯಾಪಾರದ ನಷ್ಟಕ್ಕೆ ಜೋಡಿಸುವ ಯೋಚನೆ ಬೇಡ.

ಹಣ ಒಯ್ಯುವ ವಿಷಯ: ಪ್ರವಾಸಕ್ಕೆ ವಿದೇಶಿ ವಿನಿಮಯ ಪಡೆಯುವುದು ಸರಿ. ಆದರೆ 2000ನೇ ಇಸವಿಯ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಚಾಲ್ತಿ ಖಾತೆ ನಿಯಮಗಳ ಮೊದಲ ಷೆಡ್ಯೂಲ್‌ನಲ್ಲಿ ಲಾಟರಿ ಟಿಕೆಟ್, ಸ್ವೀಪ್‌ಸ್ಟೇಕ್ಸ್ ಅಂಥವಕ್ಕೆ ಹಣ ಕಳಿಸುವುದು ನಿಷೇಧದ ಪಟ್ಟಿಯಲ್ಲಿದೆ, ಬ್ಯಾಂಕುಗಳು ಅದೇ ಕಾರಣಕ್ಕೆ ಕ್ಯಾಸಿನೊ ವಹಿವಾಟನ್ನು ಕಾರ್ಡಿನಲ್ಲಿ ತಡೆಯುತ್ತವೆ. ಹಡಗಿನ ಬಿಲ್ಲಿನೊಳಗೆ ಚಿಪ್ಸ್ ಸೇರಿಸಿ ಕ್ರೆಡಿಟ್ ಕಾರ್ಡಿನಲ್ಲಿ ತೀರಿಸುವ ಜಾಣತನವನ್ನು ನನ್ನ ಕಕ್ಷಿದಾರರಿಗೆ ನಾನು ಹೇಳಿಕೊಡುವುದಿಲ್ಲ. ದೊಡ್ಡ ಮೊತ್ತದ ಆಟ ಇದ್ದರೆ ಹೋಗುವ ಮೊದಲೇ ನಿಮ್ಮ ಆಡಿಟರ್ ಹತ್ತಿರ ಕೂತು ಮಾತಾಡಿ.

ಪ್ರಶ್ನೆ: ನವನಗರ, ಹುಬ್ಬಳ್ಳಿ

ಮುಂಬೈಯಿಂದ ಹೋಗೋ ಹಡಗಿನಾಗ ಇಂಥಾ ಆಫರ್ ಸಿಗತಾವೇನ್ರಿ? ಪುಕ್ಕಟೆ ಸಿಕ್ರ ನನಗೂ ಇರಲಿ, ನಮ್ಮಪ್ಪಗೂ ಇರಲಿ!

ಉತ್ತರ

ನಿಮ್ಮಪ್ಪನ್ನ ಕೇಳಿ ಮಾತಾಡ್ರಿ ತಮ್ಮಾ. ಮುಂಬೈಯಿಂದ ಹೋಗೋ ಕಾರ್ಡೇಲಿಯಾ ಕಂಪನಿಯ 'ಎಂಪ್ರೆಸ್' ಹಡಗಿನ ಮ್ಯಾಲೆ ಕ್ಯಾಸಿನೊ ಅದ. ಮಜಾ ಏನಂದ್ರ ಆ ಹಡಗು 1990ರದು, ಮೊದಲು ರಾಯಲ್ ಕೆರಿಬಿಯನ್ನಿನ ಕೈಯಾಗೇ ಇತ್ತು. ಆದ್ರ ಮಾಲಕರು ಬದಲಾದ ಮ್ಯಾಲೆ ಪಾಯಿಂಟಿನ ಪುಸ್ತಕಾನೂ ಬ್ಯಾರೆ. ಎರಡು ಮೂರು ರಾತ್ರಿ ಟ್ರಿಪ್ಪಿಗೆ ಟಿಕೆಟ್ ದರದ ರಿಯಾಯ್ತಿ ಹುಡುಕೋದ ಛಲೋ.

ಪ್ರಶ್ನೆ: ಹೆಸರು ಬೇಡ, ಧಾರವಾಡ

ನಮ್ಮ ಮೈದುನಗ ಇಂಥಾ ಮೇಲ್ ಮ್ಯಾಲೆ ಮೇಲ್ ಬರತಾವ. 'ಹೋಗದಿದ್ರ ಆಫರ್ ಹಾಳಾಗತದ' ಅಂತ ಸಾಲಾ ಮಾಡಿ ಹೋಗಿ ಬಂದಾನ. ಈ ಮೇಲ್ ನಿಲ್ಲಸೋದು ಹೆಂಗ?

ಉತ್ತರ

ಅಕ್ಕಾ, 'ಹಾಳಾಗತದ' ಅನ್ನೋ ಶಬ್ದ ನಮ್ಮ ಮಾರ್ಕೆಟಿಂಗ್‌ನವ್ರು ಬೇಕಂತಲೇ ಹಾಕೋದು. ಕ್ಯಾಸಿನೊ ಕ್ಲಬ್ಬಿಗೆ ಮೇಲ್ ಬರೆದು ಎರಡು ಕೇಳಬಹುದು: ಆಫರ್ ಕಳಸಬ್ಯಾಡ್ರಿ ಅಂತ, ಇನ್ನೊಂದು ನನ್ನನ್ನ ಆಡಲಿಕ್ಕೇ ಬಿಡಬ್ಯಾಡ್ರಿ ಅಂತ. ಆದ್ರ ಬರಿಯೋದು ನಿಮ್ಮ ಮೈದುನನ ಕೈಯಿಂದಲೇ ಆಗಬೇಕು, ನೀವು ಬರದ್ರ ನಡಿಯೂದಿಲ್ಲ. ಸಾಲಾ ಮಾಡಿ ಆಡೋ ಹಂತಕ್ಕ ಬಂದವರಿಗೆ ಬುದ್ಧಿ ಹೇಳಿ ಫಾಯ್ದೆ ಇಲ್ಲ, ಅದು ಚಟ, ಅದಕ್ಕ ಚಿಕಿತ್ಸಾ ಅದ. ನಮ್ಮ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರಿ ಡಿಮ್ಹಾನ್ಸಿಗೆ ಕರಕೊಂಡು ಹೋಗ್ರಿ. ಅಂವ ಬರೂದಿಲ್ಲ ಅಂದ್ರ ಮನಿಯವ್ರೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚಿ ಕೇಳ್ರಿ, ಕನ್ನಡದಾಗೇ ಮಾತಾಡತಾರ.

ಕೇಶ್ವಾಪುರದಿಂದ ಮತ್ತ

ಅಕ್ಕಾರ, ಮಗಾ ಲೆಕ್ಕಾ ಹಾಕಿದ. ಮೊಮ್ಮಗಳ ಹುಟ್ಟಿದಹಬ್ಬಕ್ಕ ಫೆಬ್ರುವರಿಯಾಗ ಹೋಗವ್ರಿದ್ವಿ, ಆಫರೂ ಅದ ಹೊತ್ತಿಗೆ ಬರತದ. ಬುಕ್ ಮಾಡತೀವಿ. ಆದ್ರ ನಾನು ಹೋಗಿ ಆಡದ ಹಂಗ ಬಂದ್ರ ನಡಿತದೇನು? ಮರ್ಯಾದಿ ಪ್ರಶ್ನೆ ಅನಸತದ.

ಉತ್ತರ

ನಡಿತದ ಕಾಕಾ, ಯಾರೂ ಬಂದು ಕೈ ಹಿಡದು ಎಳಿಯೂದಿಲ್ಲ. ಮುಂದಿನ ಆಫರ್ ತೆಳ್ಳಗಾಗತದ, ಇಲ್ಲಾ ನಿಲ್ಲತದ, ಅಷ್ಟ. ಅವರದೂ ವ್ಯಾಪಾರ ಅಲ್ಲೇನು.

ಪಟ್ಟಿಯೊಳಗ ಎರಡು ಮೂರು ಟ್ರಿಪ್ ಇದ್ರ ಬಂದರು ಜಾಸ್ತಿ ಇರೋದನ್ನ ಆರಿಸ್ರಿ. ಹಡಗು ಬಂದರಿನಾಗ ನಿಂತಾಗ ಬಹುತೇಕ ಕ್ಯಾಸಿನೊ ಮುಚ್ಚಿರತದ, ನಡುಸಮುದ್ರಕ್ಕ ಹೋದ ಮ್ಯಾಲೇ ತಗೀತಾರ. ಬರೇ ಸಮುದ್ರದ ದಿನಗಳಿರೋ ಟ್ರಿಪ್ಪಿನಾಗ ಮಾಡ್ಲಿಕ್ಕೆ ಕೆಲಸಿಲ್ಲದ ಮನಷ್ಯಾ ಎರಡು ಸಲ ಊಟಾ ಮಾಡಿ, ಆಮೇಲೆ ಮಷೀನಿನ ಕಡೆ ನಡೀತಾನ. ಪಟ್ಟಿಯೊಳಗ ಸಮುದ್ರದ ದಿನಗಳ ಟ್ರಿಪ್ ಎಷ್ಟಿರತಾವ ನೋಡ್ರಿ, ನಿಮಗ ನಗು ಬರತದ.

ಆಡೋದಾದ್ರ 100 ಡಾಲರ್ ಒಂದು ಲಕೋಟೆದಾಗ ಹಾಕಿ ಕಾಕುನ ಕೈಗೆ ಕೊಡ್ರಿ, ದಿನಕ್ಕ 25 ಇಸಕೊಳ್ರಿ. ಕೊನೆ ರಾತ್ರಿಯ ಹಿಂದಿನ ದಿನ ಕ್ಯಾಸಿನೊ ಹೋಸ್ಟ್ (ಗಿರಾಕಿಗಳನ್ನ ನೋಡಿಕೊಳ್ಳೋ ಸಿಬ್ಬಂದಿ) ಹತ್ರ ಹೋಗಿ ಪಾಯಿಂಟ್ ಎಷ್ಟಾಗ್ಯಾವ, ಮುಂದಿನ ಟ್ರಿಪ್ಪಿನ ಸರ್ಟಿಫಿಕೇಟ್ ಏನಾದ್ರೂ ಅದ ಏನು ಅಂತ ಕೇಳ್ರಿ. ಕೊನೆ ರಾತ್ರಿ ಅವರಿಗೆ ಉಸಿರಾಡಲಿಕ್ಕೂ ಪುರಸತ್ತಿರೂದಿಲ್ಲ. ಕೊಟ್ರ ಅದರ ಮ್ಯಾಲೆ ಬುಕ್ ಮಾಡೋ ಕೊನೆ ತಾರೀಖು ಬ್ಯಾರೆ, ಹಡಗು ಹತ್ತೋ ಕೊನೆ ತಾರೀಖು ಬ್ಯಾರೆ ಇರತದ, ಎರಡನ್ನೂ ಮಗಗ ಓದಲಿಕ್ಕೆ ಹೇಳ್ರಿ. ಹೋಗೋವಾಗ ಲೈನ್ ಬಜಾರದ ಪೇಡೆ ಒಂದು ಡಬ್ಬಿ ಜಾಸ್ತಿ ಒಯ್ರಿ, ಡೀಲರ್ ಮಂದಿಯಾಗ ಭಾರತದವ್ರು ಭಾಳ ಇರತಾರ.