ಪಿವಿಎ–ಜಿಂಕ್ ಆಕ್ಸೈಡ್ ಫಿಲ್ಮ್ ಬೆಳ್ಳಗಾದಾಗ ಬ್ಯಾಂಡ್ ಗ್ಯಾಪ್ ನಿಜವಾಗಿಯೂ ಇಳಿಯುತ್ತದೆಯೇ?

ಪ್ರಶ್ನೆ:
ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ, ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್ ಎಂಬ, ನೀರಿನಲ್ಲಿ ಕರಗುವ ಪ್ಲಾಸ್ಟಿಕ್) ದ್ರಾವಣಕ್ಕೆ ಸುಮಾರು 30 ನ್ಯಾನೋಮೀಟರ್ ಗಾತ್ರದ ಜಿಂಕ್ ಆಕ್ಸೈಡ್ ಪುಡಿಯನ್ನು ಬೆರೆಸಿ, ಪೆಟ್ರಿ ಡಿಶ್‌ನಲ್ಲಿ ಸುರಿದು ಒಣಗಿಸಿ ಫಿಲ್ಮ್‌ಗಳನ್ನು ಮಾಡಿದ್ದೇನೆ. ತೂಕದಲ್ಲಿ ಶೇ. 1ರಷ್ಟು ಪುಡಿಯಿರುವ ಫಿಲ್ಮ್ ತಿಳಿಯಾಗಿದೆ, ಶೇ. 5ರದ್ದು ಹಾಲು ಬೆರೆತ ನೀರಿನಂತೆ ಮಸುಕಾಗಿದೆ. ಬೆಳಕಿನ ಹೀರಿಕೆಯಿಂದ ಬ್ಯಾಂಡ್ ಗ್ಯಾಪ್ (ವಸ್ತು ಬೆಳಕನ್ನು ಹೀರಲು ಬೇಕಾದ ಕನಿಷ್ಠ ಶಕ್ತಿ) ಲೆಕ್ಕಹಾಕುವ ಟೌಕ್ ನಕ್ಷೆಯಲ್ಲಿ, ಪುಡಿಯ ಪ್ರಮಾಣ ಹೆಚ್ಚಿದಂತೆಲ್ಲ ಅದು ಇಳಿಯುತ್ತಿದೆ. ಇದನ್ನು ವರದಿಯಲ್ಲಿ ಹೀಗೆಯೇ ಬರೆಯಬಹುದೇ?

ಉತ್ತರ 1:
ದಯವಿಟ್ಟು ಹಾಗೆ ಬರೆಯಬೇಡಿ. ಜಿಂಕ್ ಆಕ್ಸೈಡ್‌ನ ಬ್ಯಾಂಡ್ ಗ್ಯಾಪ್ ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್, ಎಂದರೆ ಹೀರಿಕೆಯ ಅಂಚು (ಹೀರಿಕೆ ಆರಂಭವಾಗುವ ಬೆಳಕಿನ ತರಂಗಾಂತರ) 370 ನ್ಯಾನೋಮೀಟರ್ ಆಸುಪಾಸಿನಲ್ಲಿರುತ್ತದೆ. 30 ನ್ಯಾನೋಮೀಟರ್ ಕಣಗಳಲ್ಲಿ ಕ್ವಾಂಟಂ ಪರಿಣಾಮ (ಕಣ ತೀರ ಚಿಕ್ಕದಾದಾಗ ಬ್ಯಾಂಡ್ ಗ್ಯಾಪ್ ಹಿಗ್ಗುವುದು) ನಗಣ್ಯವಾದ್ದರಿಂದ, ಕಣಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಒಂದೊಂದು ಕಣದ ಬ್ಯಾಂಡ್ ಗ್ಯಾಪ್ ಬದಲಾಗಲು ಕಾರಣವೇ ಇಲ್ಲ. ನೀವು ಅಳೆಯುತ್ತಿರುವುದರಲ್ಲಿ ಬೆಳಕಿನ ಚದುರಿಕೆಯೂ ಸೇರಿಕೊಂಡಿದೆ. ಪಿವಿಎಯ ವಕ್ರೀಭವನ ಸೂಚ್ಯಂಕ ಸುಮಾರು 1.5, ಜಿಂಕ್ ಆಕ್ಸೈಡ್‌ನದು ಸುಮಾರು 2. ಈ ಅಂತರದಿಂದಾಗಿ ಕಣಗಳು ಗುಂಪುಗಟ್ಟಿದೊಡನೆ ಬೆಳಕು ಚದುರುತ್ತದೆ. ಚಿಕ್ಕ ಕಣಗಳಲ್ಲಿ ಚದುರಿಕೆ ವ್ಯಾಸದ ಆರನೇ ಘಾತಕ್ಕೆ ಅನುಗುಣವಾಗಿ ಏರುವುದರಿಂದ, 10 ನ್ಯಾನೋಮೀಟರ್‌ನ 125 ಕಣಗಳು ಒಟ್ಟುಗೂಡಿ 50 ನ್ಯಾನೋಮೀಟರ್‌ನ ಒಂದೇ ಉಂಡೆಯಾದರೆ, ಅಷ್ಟೇ ವಸ್ತು 125 ಪಟ್ಟು ಹೆಚ್ಚು ಬೆಳಕನ್ನು ಚದುರಿಸುತ್ತದೆ. 500ರಿಂದ 700 ನ್ಯಾನೋಮೀಟರ್ ತರಂಗಾಂತರದ ನಡುವೆ ಇವೆರಡೂ ವಸ್ತುಗಳು ಬೆಳಕನ್ನು ಹೀರುವುದಿಲ್ಲ. ಅಲ್ಲಿಯೂ ಪ್ರಸರಣ (ಫಿಲ್ಮನ್ನು ದಾಟಿ ಬರುವ ಬೆಳಕು) ಕುಸಿದಿದ್ದರೆ ಅದು ಚದುರಿಕೆಯೇ.

ಪ್ರಶ್ನೆ ಕೇಳಿದವರು:
ಅಲ್ಲಿಯೂ ಕುಸಿದಿದೆ. ಫಿಲ್ಮನ್ನು ಮುದ್ರಿತ ಹಾಳೆಗೆ ಒತ್ತಿ ಹಿಡಿದರೆ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ, ನಾಲ್ಕು ಬೆರಳಿನಷ್ಟು ಮೇಲಕ್ಕೆತ್ತಿದರೆ ಮಂಜು ಕವಿದಂತಾಗುತ್ತದೆ. ಫಿಲ್ಮ್‌ನ ದಪ್ಪವನ್ನು ತಪ್ಪಾಗಿ ಅಳೆದಿರಬಹುದೇ ಎಂಬ ಅನುಮಾನವೂ ಇತ್ತು.

ಉತ್ತರ 2:
ದಪ್ಪದ ತಪ್ಪು ಹೀರಿಕೆಯ ಗುಣಾಂಕವನ್ನು ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ, ಆದ್ದರಿಂದ ಟೌಕ್ ರೇಖೆ ಅಕ್ಷವನ್ನು ಮುಟ್ಟುವ, ಬ್ಯಾಂಡ್ ಗ್ಯಾಪ್ ಸೂಚಿಸುವ ಬಿಂದು ಕದಲುವುದಿಲ್ಲ. ಚದುರಿಕೆಯ ಹಿನ್ನೆಲೆಯಾದರೋ ಆ ಬಿಂದುವನ್ನೇ ಎಳೆದುಬಿಡುತ್ತದೆ. ಸಾಧ್ಯವಾದರೆ ಇಂಟಿಗ್ರೇಟಿಂಗ್ ಸ್ಫಿಯರ್ (ಚದುರಿದ ಬೆಳಕನ್ನೂ ಒಟ್ಟುಗೂಡಿಸಿ ಅಳೆಯುವ ಟೊಳ್ಳು ಗೋಳ) ಬಳಸಿ ಮತ್ತೆ ಅಳೆಯಿರಿ.

ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ತಯಾರಿಕೆಯ ಹಂತ. ಒಣಪುಡಿಯಲ್ಲಿ ಕಣಗಳು ಮೊದಲೇ ಗಂಟುಕಟ್ಟಿರುತ್ತವೆ, ಮ್ಯಾಗ್ನೆಟಿಕ್ ಸ್ಟರರ್ ಎಷ್ಟು ಹೊತ್ತು ತಿರುಗಿದರೂ ಅವು ಬಿಡಿಸಿಕೊಳ್ಳುವುದಿಲ್ಲ. ಪುಡಿಯನ್ನು ಮೊದಲು ನೀರಿನಲ್ಲಿ ಅಲ್ಟ್ರಾಸೋನಿಕ್ ಪ್ರೋಬ್‌ನಿಂದ ಚದುರಿಸಿ, ಅರ್ಧ ದಿನ ಬಿಟ್ಟು, ತಳಕ್ಕಿಳಿದದ್ದನ್ನು ತೆಗೆದು, ಮೇಲಿನ ತಿಳಿಯನ್ನಷ್ಟೇ ಪಿವಿಎಗೆ ಸೇರಿಸಿ ನೋಡಿ. ಆಗ ಫಿಲ್ಮ್‌ನಲ್ಲಿ ಉಳಿದ ಪ್ರಮಾಣ ಶೇ. 5ಕ್ಕಿಂತ ಕಡಿಮೆಯಾಗುವುದರಿಂದ, ಒಂದು ತುಂಡನ್ನು ಸುಟ್ಟು ಉಳಿದ ಬೂದಿಯನ್ನು ತೂಗಿ ನಿಜವಾದ ಪ್ರಮಾಣವನ್ನು ನಮೂದಿಸಿ.